ಎರಡು ಮಂಚಗಳ ನಡುವಿನ ಒದ್ದೆ

ಮಾರ್ಚ್ 4, ಸೋಮವಾರ

ಸಿಸ್ಟರ್ ಮುಂದೆ ಹಸಿ ಸುಳ್ಳು ಹೇಳಿ ಬಂದು ಕೂತಿದ್ದೇನೆ. ಈ ಡೈರಿ ತಮ್ಮನ ಮಗಳು ತಂದುಕೊಟ್ಟದ್ದು. ಇಷ್ಟು ದಿನ ದಿಂಬಿನ ಪಕ್ಕ ಸುಮ್ಮನೆ ಬಿದ್ದಿತ್ತು. ಇನ್ನೊಬ್ಬರಿಗೆ ಹೇಳುವಂಥದ್ದಲ್ಲವಲ್ಲ, ಇದಕ್ಕಾದರೂ ಹೇಳೋಣ ಅಂತ ತೆಗೆದೆ.

ಈ ಆರೈಕೆ ಮನೆಯಲ್ಲಿ ಆಗಾಗ ಒಬ್ಬೊಬ್ಬರನ್ನೇ ಕೂರಿಸಿಕೊಂಡು ‘ಆರೈಕೆ ಯೋಜನೆ’ ಮಾಡುತ್ತಾರೆ. ಯಾರಿಗೆ ಯಾವ ಕಾಯಿಲೆ, ಯಾರಿಗೆ ಏನು ಸೇರುತ್ತೆ, ಯಾರನ್ನು ಯಾವಾಗ ಎಬ್ಬಿಸಬೇಕು, ಹೇಗೆ ಹಿಡಿಯಬೇಕು, ಎಲ್ಲ ಅದರಲ್ಲಿ. ಸಿಸ್ಟರ್ ಒಳ್ಳೆಯ ಹೆಂಗಸು. “ಎಲ್ಲರಿಗೂ ಒಂದೇ ಅಳತೆ ಅಂಗಿ ಹೊಲಿಸೋಕಾಗಲ್ಲ ಅಲ್ವಾ ಟೀಚರ್? ಅದಕ್ಕೇ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ” ಅಂದಳು. ಸಕ್ಕರೆ ಕಾಯಿಲೆ ಬಗ್ಗೆ ಕೇಳಿದಳು. ಲಕ್ವ ಹೊಡೆದ ಎಡಗೈ, ಎಡಗಾಲಿನ ಬಗ್ಗೆ ಕೇಳಿದಳು. ಎಲ್ಲದಕ್ಕೂ ನೆಟ್ಟಗೆ ಉತ್ತರ ಕೊಟ್ಟೆ. ಆಮೇಲೆ ದನಿ ತಗ್ಗಿಸಿ, “ಮೂತ್ರಕ್ಕೆ ಏನಾದ್ರೂ ತೊಂದರೆ? ತಡೆದುಕೊಳ್ಳೋಕೆ ಕಷ್ಟ, ಹಾಗೇನಾದ್ರೂ?” ಅಂದಳು.

“ಛೆ ಛೆ, ಏನೂ ಇಲ್ಲ” ಅಂದೆ. ಮೈದಾನದ ಆ ತುದಿಯಲ್ಲಿರುವ ಮಕ್ಕಳಿಗೆ ಕೇಳಿಸುವಂತೆ ಅಂದೆ.

ನನ್ನ ಆಯುಷ್ಯವೆಲ್ಲ ಹೆಣ್ಣುಮಕ್ಕಳ ಶಾಲೆಯಲ್ಲಿ ಆಟ ಕಲಿಸುವುದರಲ್ಲೇ ಕಳೆಯಿತು. ನಡು ನೆಟ್ಟಗೆ, ಗಲ್ಲ ಮೇಲೆ, ಮೈ ನೀನು ಹೇಳಿದ ಹಾಗೆ ಕೇಳಬೇಕು, ನೀನು ಮೈ ಹೇಳಿದ ಹಾಗೆ ಕೇಳಬಾರದು ಅಂತ ಬಾಯಿ ನೋಯುವಷ್ಟು ಕೂಗಿದವಳು. ಈಗ ಒಂದು ಕೆಮ್ಮು ಬಂದರೆ ಸಾಕು, ಮೈ ನನ್ನನ್ನು ಕೇಳದೆಯೇ ಕೆಲಸ ಮುಗಿಸಿಬಿಡುತ್ತದೆ. ಇದನ್ನು ಮಗಳಾಗಬಹುದಾದ ವಯಸ್ಸಿನ ಸಿಸ್ಟರ್‌ಗೆ ಯಾವ ಬಾಯಲ್ಲಿ ಹೇಳಲಿ?

ಪಕ್ಕದ ಮಂಚದವಳ ಯೋಜನೆಯೂ ಇವತ್ತೇ ಆಯಿತು. ಅವಳಿಗೆ ಎಲ್ಲರೂ ಸ್ಟೇಷನ್ ಅಜ್ಜಿ ಅನ್ನುತ್ತಾರೆ. ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಗಾಡಿಗಳ ಸಮಯ ಹೇಳುತ್ತಿದ್ದವಳು. ಈಗ ಮಗನ ಹೆಸರೂ ಮರೆತಿದೆ. ಆದರೆ ಆ ದನಿ, ಆ ವಾಕ್ಯ ಮಾತ್ರ ಅಲ್ಲಾಡಿಲ್ಲ. ಸಿಸ್ಟರ್ “ಅಜ್ಜಿ, ಹೇಗಿದ್ದೀರಾ?” ಅಂದರೆ, “ಪ್ರಯಾಣಿಕರ ಗಮನಕ್ಕೆ, ಊಟದ ಗಾಡಿ ತಡವಾಗಿ ಬರುತ್ತಿದೆ” ಅಂದಳು. ನಿಜಕ್ಕೂ ತಡವಾಗಿತ್ತು.

ನನ್ನನ್ನು ಅಕ್ಕಾ ಅನ್ನುತ್ತಾಳೆ. ನನಗಿಂತ ದೊಡ್ಡವಳು ಅವಳೇ.

ಮಾರ್ಚ್ 6, ಬುಧವಾರ

ಬರೆಯಲೋ ಬೇಡವೋ ಅಂತ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ.

ಊಟ ಮುಗಿಸಿ ಒರಗಿದ್ದೆ. ಎಚ್ಚರವಾದಾಗ ಅರ್ಜೆಂಟು. ವಾಕರ್ ಎಳೆದುಕೊಂಡೆ, ಎದ್ದೆ. ಎಡಗಾಲು ಎಂದಿನ ಹಾಗೆ ಹಟ ಹಿಡಿಯಿತು. “ನಡಿ, ನಡಿ” ಅಂತ ಅದನ್ನು ಬೈಯುತ್ತಿರುವಾಗಲೇ ಎರಡು ಮಂಚಗಳ ನಡುವೆ ನಿಂತಲ್ಲೇ ಆಗಿಹೋಯಿತು. ಬಿಸಿಯಾಗಿ, ಕಾಲಗುಂಟ, ನೆಲದ ತುಂಬ.

ಹೇಗೋ ಬಚ್ಚಲಿಗೆ ಹೋಗಿ ನೈಟಿ ಬದಲಾಯಿಸಿದೆ. ಒದ್ದೆ ನೈಟಿ ಮುದ್ದೆ ಮಾಡಿ ಬಕೆಟ್ಟಿನ ಹಿಂದೆ ತುರುಕಿದೆ. ಹೊರಗೆ ಬಂದು ನೋಡುತ್ತೇನೆ, ಸ್ಟೇಷನ್ ಅಜ್ಜಿ ತನ್ನ ಮಂಚದಿಂದ ಇಳಿದು ಸರಿಯಾಗಿ ಆ ಒದ್ದೆಯ ನಡುವೆ ನಿಂತಿದ್ದಾಳೆ. ನೈಟಿಯ ಅಂಚು ನೆನೆದಿದೆ. ಪಾದ ಎತ್ತಿ ಎತ್ತಿ ನೋಡಿಕೊಳ್ಳುತ್ತಿದ್ದಾಳೆ, ಇದೇನಿದು ಅನ್ನುವಂತೆ.

ಅದೇ ಹೊತ್ತಿಗೆ ಆಯಾ ಒಳಗೆ ಬಂದಳು. “ಅಯ್ಯೋ ಅಜ್ಜಿ! ಏನ್ ಮಾಡ್ಕೊಂಡ್ರಿ ಇದು?”

ಸ್ಟೇಷನ್ ಅಜ್ಜಿ ಒಮ್ಮೆ ಅವಳನ್ನು, ಒಮ್ಮೆ ನೆಲವನ್ನು ನೋಡಿ ಗಂಭೀರವಾಗಿ, “ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ” ಅಂದಳು.

ಆಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಾಗಿಲಲ್ಲಿದ್ದ ಇನ್ನೊಬ್ಬಳೂ ನಕ್ಕಳು.

ನಾನೂ ನಕ್ಕೆ.

ಮಾರ್ಚ್ 7, ಗುರುವಾರ

ನೈಟಿ ಒಗೆದೆ. ಒಂದೇ ಕೈಯಲ್ಲಿ ಹಿಂಡಲು ಬರುವುದಿಲ್ಲ. ನಲ್ಲಿಗೆ ಸುತ್ತಿ ತಿರುಚಿದೆ. ಯಾರೂ ನೋಡಲಿಲ್ಲ.

ಮಾರ್ಚ್ 10, ಭಾನುವಾರ

ತಮ್ಮನ ಮಗಳು ಬಂದಿದ್ದಳು. ನನಗೆ ಮದುವೆ ಮಕ್ಕಳು ಅಂತ ಇಲ್ಲ. ತಮ್ಮ ಹೋದ ಮೇಲೆ ನನ್ನವಳು ಅಂತ ಇರುವವಳು ಇವಳೊಬ್ಬಳು. ಚಿಕ್ಕವಳಿದ್ದಾಗ ಬೆನ್ನ ಮೇಲೆ ಕೂರಿಸಿಕೊಂಡು ಮೈದಾನ ಸುತ್ತಿಸಿದ್ದೇನೆ.

ಹೊಸ ಮನೆಗೆ ಹೋಗುತ್ತಿದ್ದಾರಂತೆ. ಕೆಳಗಡೆ ಒಂದು ರೂಮಿದೆ, ಕಿಟಕಿಯಿಂದ ಬೀದಿ ಕಾಣುತ್ತದೆ, ಮೆಟ್ಟಿಲಿನ ರಗಳೆ ಇಲ್ಲ. ಫೋನಿನಲ್ಲಿ ಫೋಟೋ ತೋರಿಸಿದಳು. “ಇದು ನಿಮಗೇ ಅತ್ತೆ. ಮುಂದಿನ ತಿಂಗಳು ಬಂದ್ಬಿಡಿ. ನೀವು ಇಲ್ಲಿರೋದು ನಂಗೆ ಸುತರಾಂ ಇಷ್ಟ ಇಲ್ಲ.”

 ಗೋಡೆಗೆ ಯಾವ ಬಣ್ಣ ಅಂತ ಕೇಳಿ ಮಾತು ಮರೆಸಿದೆ.

ಹೊರಡುವ ಮುಂಚೆ ಬ್ಯಾಗಿನ ಪಟ್ಟಿ ತಿರುಚುತ್ತಾ, “ಅತ್ತೆ, ಅವರು ಸುಮ್ನೆ ಕೇಳ್ತಿದ್ರು. ನಾವಿಬ್ರೂ ಕೆಲಸಕ್ಕೆ ಹೋಗ್ತೀವಲ್ಲ, ಬಾತ್‌ರೂಮ್ ಗೀತ್‌ರೂಮ್ ಎಲ್ಲ ನೀವೇ ನೋಡ್ಕೋತೀರಲ್ವಾ ಅಂತ” ಅಂದಳು.

“ಇನ್ನೇನು, ನಿನ್ನ ಗಂಡನ್ನ ಕರೀತೀನಾ?” ಅಂದೆ. ಇಬ್ಬರೂ ನಕ್ಕೆವು.

ನಾಳೆಯಿಂದ ನೀರು ಕಡಿಮೆ ಮಾಡಬೇಕು. ಒಳಗೆ ಹೋಗದಿದ್ದರೆ ಹೊರಗೆ ಹೇಗೆ ಬರುತ್ತದೆ ನೋಡೋಣ.

ಮಾರ್ಚ್ 13, ಬುಧವಾರ

ಹೋದ ಬುಧವಾರದ್ದು ತಾನಾಗಿ ಆದದ್ದು. ಇವತ್ತಿನದು ನಾನು ಮಾಡಿದ್ದು.

ಮಧ್ಯಾಹ್ನದ ನಿದ್ದೆಯಲ್ಲಿ ಚಾದರವೆಲ್ಲ ಒದ್ದೆ. ನೈಟಿ ಬದಲಾಯಿಸಿಕೊಂಡು ಬಂದೆ. ಸ್ಟೇಷನ್ ಅಜ್ಜಿ ಎಂದಿನಂತೆ ವರಾಂಡದಲ್ಲಿ ಅಡ್ಡಾಡುತ್ತಿದ್ದಳು. ನಡೆಯುವುದೆಂದರೆ ಅವಳಿಗೆ ಉಸಿರಾಟ. ಗೋಡೆಯ ಕಂಬಿಯನ್ನೂ ಮುಟ್ಟದೆ ಹೋಗಿ ಬಂದು ಮಾಡುತ್ತಾಳೆ. ಅವಳ ಹಾಸಿಗೆ ಖಾಲಿ. ಚಾದರ ಒಣಗಿದ್ದು, ಸುಕ್ಕಿಲ್ಲದ್ದು.

ನನ್ನ ಚಾದರ ಎಳೆದೆ. ಅವಳದ್ದನ್ನೂ ಎಳೆದೆ. ಒಂದು ತುದಿ ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿ ಬಲಗೈಯಲ್ಲಿ ಹಿಡಿದು, ಮೊಣಕಾಲಿನಿಂದ ಹಾಸಿಗೆ ಒತ್ತಿ ಅದಲು ಬದಲು ಮಾಡಿದೆ. ಲಕ್ವ ಹೊಡೆದ ಮೇಲೆ ಇಷ್ಟು ಕೆಲಸ ಮಾಡಿದ್ದೇ ಇಲ್ಲ. ವ್ಯಾಯಾಮ ಮಾಡಿಸುವವನು ಬಂದು ನೋಡಿದ್ದರೆ ಚಪ್ಪಾಳೆ ತಟ್ಟುತ್ತಿದ್ದ. ಮುಗಿಸಿ ಕೂತಾಗ ಒಂದು ಗಳಿಗೆ ಗೆದ್ದ ಖುಷಿಯೇ ಬಂತು. ಅದನ್ನು ಬರೆಯದೆ ಬಿಟ್ಟರೆ ಈ ಡೈರಿಗೂ ಸುಳ್ಳು ಹೇಳಿದ ಹಾಗೆ.

ಆಯಾ ಬಂದು ಅವಳ ಮಂಚ ಮುಟ್ಟಿ ನೋಡಿ ನಿಟ್ಟುಸಿರು ಬಿಟ್ಟಳು. “ದಿನಾ ಆಯ್ತಲ್ಲ ಅಜ್ಜಿ ನಿಮ್ದು.” ಈ ಸಲ ನಗಲಿಲ್ಲ. ತೋಳು ಹಿಡಿದು ಸ್ವಲ್ಪ ಜೋರಾಗಿಯೇ ಕೂರಿಸಿದಳು.

ಸ್ಟೇಷನ್ ಅಜ್ಜಿ ನನ್ನ ಕಡೆ ನೋಡಿ, “ಅಕ್ಕಾ, ಇವಳು ಯಾಕೆ ಬೈತಾಳೆ?” ಅಂದಳು.

ನಾನು ಕಿಟಕಿಯ ಕಡೆ ತಿರುಗಿದೆ.

ಮಾರ್ಚ್ 15, ಶುಕ್ರವಾರ

ಸಿಸ್ಟರ್ ನಮ್ಮ ರೂಮಿಗೇ ಕುರ್ಚಿ ಹಾಕಿಕೊಂಡು ಕೂತಳು. ಸ್ಟೇಷನ್ ಅಜ್ಜಿಯ ಯೋಜನೆಯನ್ನು ಹೊಸದಾಗಿ ಮಾಡಬೇಕಂತೆ. ಅವಳನ್ನು ಕೇಳಿ ಪ್ರಯೋಜನವಿಲ್ಲವೆಂದು ನನ್ನನ್ನು ಕೇಳಿದಳು.

“ಟೀಚರ್, ನೀವು ಹತ್ತಿರದಿಂದ ನೋಡ್ತಿರ್ತೀರಿ. ಸುಮ್ನೆ ಎಲ್ಲರಿಗೂ ಮಾಡಿದ ಹಾಗೆ ಇವರಿಗೂ ಮಾಡೋದು ನಂಗಿಷ್ಟ ಇಲ್ಲ. ಯಾವ ಹೊತ್ತಲ್ಲಿ ಜಾಸ್ತಿ ಆಗುತ್ತೆ?”

“ಊಟ ಆಗಿ ಮಲಗಿದ ಮೇಲೆ” ಅಂದೆ.

“ಗೊತ್ತಾಗುತ್ತಾ ಅವರಿಗೆ, ಬರೋದು?”

“ಗೊತ್ತಾಗುತ್ತೆ. ಆದ್ರೆ ಗೊತ್ತಾಗೋ ಹೊತ್ತಿಗೆ ಆಗಿಹೋಗಿರುತ್ತೆ. ಏಳೋದ್ರೊಳಗೇ.”

“ಕೆಮ್ಮಿದ್ರೆ, ಸೀನಿದ್ರೆ?”

“ಆಗಲೂ.”

ಸಿಸ್ಟರ್ ಮೆಚ್ಚಿಕೊಂಡಳು. ಎಷ್ಟು ಚೆನ್ನಾಗಿ ಗಮನಿಸಿದ್ದೀರಿ ಅಂದಳು. ನನ್ನ ಮೈಯ ಅಳತೆ ಕೊಟ್ಟೆ, ಬಟ್ಟೆ ಅವಳಿಗೆ ಹೊಲಿಸಿದರು.

ಇನ್ನು ಮೇಲೆ ಇಡೀ ದಿನ ಡಯಾಪರ್. ಮಧ್ಯಾಹ್ನದ ನಂತರ ನೀರಿಲ್ಲ, ಚಹಾ ಇಲ್ಲ. ಒದ್ದೆಯಲ್ಲಿ ಜಾರಿ ಬೀಳಬಾರದೆಂದು ಒಬ್ಬಳೇ ನಡೆಯುವಂತಿಲ್ಲ. ಆಯಾ ಬಿಡುವಾದಾಗ ನಡೆಸುತ್ತಾಳೆ. ಬಿಡುವಿಲ್ಲದಾಗ ಮುಂದೆ ಹಲಗೆ ಅಡ್ಡ ಹಾಕುವ ಆ ಕುರ್ಚಿಯಲ್ಲಿ ಕೂರಿಸುತ್ತಾರೆ. ಆಯಾಗೆ ಬಿಡುವು ಎಂದಿದೆ?

ಸಂಜೆ ಡಯಾಪರ್ ಕಟ್ಟಲು ಹೋದರೆ ಸ್ಟೇಷನ್ ಅಜ್ಜಿ ಕಿತ್ತು ಎಸೆದಳು. ಮತ್ತೆ ಕಟ್ಟಿದರು, ಮತ್ತೆ ಎಸೆದಳು. ಡಾಕ್ಟರಿಗೆ ಫೋನು ಹೋಯಿತು. ಶಾಂತವಾಗಿರಲು ಮಾತ್ರೆ ಬರೆದರಂತೆ.

ಬಾಯಿ ಬಿಡಬೇಕಿತ್ತು. ಆ ಕಿಟಕಿಯ ರೂಮು ಕಣ್ಣ ಮುಂದೆ ಬಂತು.

ಮಾರ್ಚ್ 17, ಭಾನುವಾರ

ಅವಳ ಮಗ ಬಂದಿದ್ದ. ಮೆತ್ತಗೆ ಮಾತಾಡುವ ಮನುಷ್ಯ. ಬಡಗಿ ಕೆಲಸ, ಉಗುರಿನ ಸಂದಿಯಲ್ಲಿ ಪಾಲಿಷ್ ಬಣ್ಣ. ತಾಯಿಯ ಪಕ್ಕ ಕೂತು ಹಣ್ಣು ಬಿಡಿಸಿ ಬಾಯಿಗಿಟ್ಟ. ಅವಳು ತಲೆ ಜೋಲು ಹಾಕಿಕೊಂಡು ಅಗಿಯುವುದನ್ನೇ ಮರೆತಳು.

ಆಮೇಲೆ ನನ್ನ ಮಂಚದ ಹತ್ತಿರ ಬಂದು ನಿಂತ. 

“ಟೀಚರ್, ಅಮ್ಮನಿಂದ ನಿಮಗೆ ತುಂಬ ತೊಂದರೆ ಆಗ್ತಿದೆ ಅಂತ ಆಯಾ ಹೇಳಿದ್ರು. ನಿಮ್ಮ ಓಡಾಡೋ ಜಾಗದಲ್ಲೇ… ನಂಗೆ ತಲೆ ಎತ್ತೋಕಾಗ್ತಿಲ್ಲ. ಅವರ ಪರವಾಗಿ ನಾನು ಕ್ಷಮೆ ಕೇಳ್ತೀನಿ. ಅಮ್ಮ ತುಂಬ ನೀಟು. ಮೊದಲು ಹೀಗಿರಲಿಲ್ಲ.”

ಚೀಲದಿಂದ ಒಂದು ಜೊತೆ ಚಪ್ಪಲಿ ತೆಗೆದ. ರಬ್ಬರಿನ ಅಟ್ಟೆ, ಒದ್ದೆ ನೆಲದಲ್ಲೂ ಜಾರುವುದಿಲ್ಲವಂತೆ. “ನೀವು ಬೀಳಬಾರದು ಅಂತ ತಂದೆ” ಅಂದ. ಬೇಡ ಅಂದರೆ ಬಿಡಲಿಲ್ಲ. ಮಂಡಿಯೂರಿ ತಾನೇ ನನ್ನ ಎಡಗಾಲಿಗೆ ತೊಡಿಸಿದ. ಆ ಕಾಲಿಗೆ ಸ್ಪರ್ಶ ಸರಿಯಾಗಿ ತಿಳಿಯುವುದಿಲ್ಲ. ಆದರೂ ಸುಟ್ಟ ಹಾಗಾಯಿತು.

“ಪರವಾಗಿಲ್ಲಪ್ಪ, ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ” ಅಂದೆ. ಅಂದೆ! ಕ್ಷಮಿಸಿದವಳ ಠೀವಿಯಲ್ಲಿ.

ಮಾರ್ಚ್ 20, ಬುಧವಾರ

ರೂಮು ನಿಶ್ಶಬ್ದ. ಊಟದ ಗಾಡಿ ಬಂದರೂ ಯಾರೂ ಹೇಳುವವರಿಲ್ಲ. ಆಯಾಗೂ ಅದು ತಟ್ಟಿದೆ. “ಏನಜ್ಜಿ, ಸ್ಟೇಷನ್ ರಜಾನಾ?” ಅಂತ ಕೇಳಿದಳು.  ಅಜ್ಜಿಯ ತುಟಿಯ ಕೊನೆಯಲ್ಲಿ ಜೊಲ್ಲು.

ನಾನು ನೀರು ಬಿಟ್ಟಿದ್ದೇನೆ. ಚಹಾ ಬಂದರೆ ಹೂವಿನ ಕುಂಡಕ್ಕೆ. ಒದ್ದೆಯಾಗುವುದು ಕಡಿಮೆಯಾಗಿದೆ. ಆದರೆ ಹೋದಾಗ ಮೆಣಸಿನಕಾಯಿ ಹಚ್ಚಿದ ಹಾಗೆ ಉರಿ, ಮೈ ಕಾವು. ಸಿಸ್ಟರ್, “ನೋಡಿ, ಹೊಸ ಯೋಜನೆ ಹಾಕಿದ ಮೇಲೆ ಒದ್ದೆನೇ ಇಲ್ಲ. ಸರಿಯಾಗಿ ಕೆಲಸ ಮಾಡ್ತಿದೆ” ಅಂದಳು. ಅವಳ ಮುಖದಲ್ಲಿ ತೃಪ್ತಿ.

ನನ್ನದು ನಿಂತದ್ದಕ್ಕೆ ಅವಳದ್ದು ನಿಂತಿತು ಅಂದುಕೊಂಡಿದ್ದಾಳೆ. ಅವಳದ್ದು ಶುರುವಾಗಿಯೇ ಇರಲಿಲ್ಲ.

ಮಾರ್ಚ್ 22, ಶುಕ್ರವಾರ

ಬಿದ್ದಳು.

ಮಾರ್ಚ್ 23, ಶನಿವಾರ

ನಿನ್ನೆ ಕೈ ಬರಲಿಲ್ಲ. ಇವತ್ತು ಬರೆಯುತ್ತೇನೆ.

ಊಟವಾಗಿತ್ತು. ಅವಳು ಕುರ್ಚಿಯಲ್ಲಿ, ಮುಂದೆ ಹಲಗೆ. ಮಾತ್ರೆಯ ಮಂಪರಿನ ನಡುವೆ ಕಣ್ಣು ಬಿಟ್ಟು, “ಅಕ್ಕಾ, ಹೋಗ್ಬೇಕು” ಅಂದಳು. ನನಗೆ ಅರ್ಥವಾಯಿತು. ಇಷ್ಟು ದಿನ ಅವಳು ತಾನೇ ಎದ್ದು ಹೋಗಿ ಬರುತ್ತಿದ್ದವಳು. ಬಾಗಿಲು ಹಾಕಿಕೊಳ್ಳುವುದು ಮರೆಯುತ್ತಿದ್ದಳು, ಅಷ್ಟೆ. ಡಯಾಪರ್ ಕಟ್ಟಿದ್ದರೂ ಅದರಲ್ಲಿ ಮಾಡಿಕೊಳ್ಳಲು ಅವಳಿಗೆ ಬಾರದು.

ಬೆಲ್ ಒತ್ತಿದೆ. ಯಾರೂ ಬರಲಿಲ್ಲ. “ಅಕ್ಕಾ, ಹೋಗ್ಬೇಕು” ಅಂತ ಮತ್ತೆ ಅಂದಳು. ಹಲಗೆ ತಳ್ಳತೊಡಗಿದಳು. “ತಡಿ, ಬರ್ತಾರೆ” ಅಂದೆ. ಕೂಗಬಹುದಿತ್ತು. ನನ್ನ ಗಂಟಲು ಕೂಗಿದರೆ ಗೇಟಿನವನಿಗೂ ಕೇಳಿಸುತ್ತದೆ. ಆದರೆ ಆಯಾ ಬಂದು, ಇವಳು ಕೇಳಿ ಹೋಗುತ್ತಾಳೆ ಅನ್ನುವುದನ್ನು ನೋಡಿಬಿಟ್ಟರೆ? ಹಾಗಾದರೆ ಆ ಒದ್ದೆ ಯಾರದು ಅಂತ ಯಾರಿಗಾದರೂ ಅನ್ನಿಸಿದರೆ? ಆ ಯೋಚನೆ ಬಂದದ್ದು ನಿಜ. ಅದು ಬಂದು ಹೋಗುವಷ್ಟರಲ್ಲಿ ಕುರ್ಚಿ ಅವಳ ಸಮೇತ ಮಗುಚಿತು.

ಆಗ ಕೂಗಿದೆ. ಎಲ್ಲರೂ ಓಡಿ ಬಂದರು.

ಹಣೆಗೆ ಹೊಲಿಗೆ, ಬಲ ಮುಂಗೈ ಮುರಿದಿದೆ. ಎತ್ತುವಾಗ ನನ್ನನ್ನೇ ನೋಡುತ್ತಿದ್ದಳು. ಕೋಪವಿರಲಿಲ್ಲ. ಅವಳಿಗೆ ನಾನು ಇನ್ನೂ ಅಕ್ಕನೇ.

ಮಾರ್ಚ್ 25, ಸೋಮವಾರ

ಸಿಸ್ಟರ್‌ಗೆ ಹೇಳಿದೆ. ಅವಳು ಔಷಧಿ ಟ್ರೇ ಜೋಡಿಸುತ್ತಿದ್ದಳು.

“ಸಿಸ್ಟರ್, ಆ ಒದ್ದೆ ಅವಳದ್ದಲ್ಲ. ನಂದು. ಮೊದಲಿಂದಲೂ ನಂದೇ.”

ಅವಳು ಟ್ರೇ ಇಟ್ಟು ನನ್ನ ಕೈ ಹಿಡಿದುಕೊಂಡಳು. ಕಣ್ಣು ತುಂಬಿಕೊಂಡಿತ್ತು. “ಟೀಚರ್, ಅವರನ್ನ ಹಿಂದಿನ ವಾರ್ಡಿಗೆ ಕಳಿಸ್ತಾರೆ ಅಂತ ನಿಮಗೆ ಗೊತ್ತಾಯ್ತು ಅಲ್ವಾ? ಅದಕ್ಕೇ ಹೀಗೆ ಹೇಳ್ತಿದ್ದೀರಿ. ನಿಮ್ಮಂಥ ಮನಸ್ಸು ಎಷ್ಟು ಜನಕ್ಕಿರುತ್ತೆ? ಆದ್ರೆ ನಿಮ್ಮ ಬಟ್ಟೆ, ನಿಮ್ಮ ಹಾಸಿಗೆ ನಾವು ಒಂದು ದಿನಾನೂ ಒದ್ದೆ ನೋಡಿಲ್ಲ.”

ಹಿಂದಿನ ವಾರ್ಡು ಅಂದರೆ ಬೀಗ ಹಾಕುವ ವಾರ್ಡು. ಬುದ್ಧಿ ಪೂರ್ತಿ ಕೈಬಿಟ್ಟವರನ್ನು ಇಡುವುದು ಅಲ್ಲಿ. ನನಗೆ ಗೊತ್ತೇ ಇರಲಿಲ್ಲ.

ಇನ್ನೊಮ್ಮೆ ಒತ್ತಿ ಹೇಳಬೇಕಿತ್ತು. ಹೇಳಲಿಲ್ಲ. ನಂಬಲಿಲ್ಲವಲ್ಲ, ನಾನೇನು ಮಾಡಲಿ ಅಂತ ವಾಪಸು ಬಂದೆ. ಬರುವಾಗ ಎದೆ ಹಗುರಾಗಿತ್ತು. ಥೂ.

ಮಾರ್ಚ್ 26, ಮಂಗಳವಾರ

ತಮ್ಮನ ಮಗಳು ಫೋನು ಮಾಡಿದ್ದಳು. ಗುರುವಾರ ಬಂದು ನನ್ನ ಬಿಡುಗಡೆಯ ಮಾತು ಮುಗಿಸುತ್ತಾಳಂತೆ. ರೂಮಿಗೆ ಪರದೆ ಹಾಕಿಸಿದ್ದಾಳೆ.

ಅದೇ ಗುರುವಾರ ಸ್ಟೇಷನ್ ಅಜ್ಜಿಯ ಸಭೆ. ಮಗ, ಡಾಕ್ಟರು, ಸಿಸ್ಟರ್. ಅವಳನ್ನು ಹಿಂದಿನ ವಾರ್ಡಿಗೆ ಹಾಕುವುದು ತೀರ್ಮಾನವಾಗುತ್ತದೆ. ಮಗ ಒಪ್ಪಿದ್ದಾನೆ ಅಂತ ಆಯಾ ಹೇಳಿದಳು. “ಪಾಪ, ಆ ಟೀಚರಮ್ಮನಿಗೆ ಇನ್ನೂ ಎಷ್ಟು ದಿನ ತೊಂದರೆ ಕೊಡೋದು ಅಂದ್ರು ಅವರು.”

ಮಾರ್ಚ್ 28, ಗುರುವಾರ

ಬೆಳಿಗ್ಗೆಯಿಂದ ನೀರು ಕುಡಿದೆ. ಲೋಟದ ಮೇಲೆ ಲೋಟ. ಆಯಾ, “ಏನ್ ಟೀಚರಮ್ಮ, ಇವತ್ತು ಇಷ್ಟು ಬಾಯಾರಿಕೆ?” ಅಂದಳು. ಯಾಕೆ ಕುಡಿಯುತ್ತಿದ್ದೇನೆ ಅಂತ ನನಗೆ ನಾನೇ ಸ್ಪಷ್ಟವಾಗಿ ಹೇಳಿಕೊಂಡಿರಲಿಲ್ಲ. ಒಳಗೆಲ್ಲೋ ಗೊತ್ತಿತ್ತು.

ಆಫೀಸಿನ ಬಾಗಿಲು ತಳ್ಳಿ ಒಳಗೆ ಹೋದೆ. ಕರೆದಿರಲಿಲ್ಲ. ಮೇಜಿನ ಆಚೆ ಡಾಕ್ಟರು ಮತ್ತು ಸಿಸ್ಟರ್, ಈಚೆ ಮಗ. ಅವನು ಎದ್ದು ತನ್ನ ಕುರ್ಚಿ ನನಗೆ ಕೊಟ್ಟ. ನಾನು ಕೂರಲಿಲ್ಲ.

“ಒಂದು ಮಾತು ಹೇಳೋದಿದೆ” ಅಂದೆ. ಅಷ್ಟೇ ಅಂದದ್ದು. ಮುಂದಿನದನ್ನು ನನ್ನ ಮೈಯೇ ಹೇಳಿತು. ತಡೆಯಲು ಹೋಗಲಿಲ್ಲ, ಹೋಗಿದ್ದರೂ ಆಗುತ್ತಿರಲಿಲ್ಲ. ಎಲ್ಲರ ಮುಂದೆ, ನಿಂತ ನಿಲುವಿನಲ್ಲಿ, ವಾಕರಿನ ಕಾಲುಗಳ ನಡುವೆ. ಅವನು ತೊಡಿಸಿದ ಚಪ್ಪಲಿಗಳು ತೊಯ್ದವು. ಸದ್ದು ಕೂಡ ಕೇಳಿಸುತ್ತಿತ್ತು. ನಿಲ್ಲಲು ಅಷ್ಟು ಹೊತ್ತು ಬೇಕಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

“ಇದು ನಂದು. ಅವತ್ತಿಂದೂ ನಂದೇ. ಒಂದು ಸಲ ನಿಮ್ಮ ತಾಯಿ ನನ್ನ ಒದ್ದೆಯಲ್ಲಿ ಬಂದು ನಿಂತಿದ್ಲು, ಸುಮ್ಮನಿದ್ದೆ. ಆಮೇಲೆ ಚಾದರ ಬದಲಾಯಿಸಿ ಅವಳ ಮಂಚಕ್ಕೆ ಹಾಕ್ದೆ. ಸಿಸ್ಟರ್ ಕೇಳಿದ್ದಕ್ಕೆಲ್ಲ ನಂದೇ ಹೇಳ್ದೆ, ಅವಳ ಹೆಸರಲ್ಲಿ. ಅವಳಿಗೆ ಏನೂ ಇಲ್ಲ. ಬೀಳೋ ಮುಂಚೆ ಹೋಗ್ಬೇಕು ಹೋಗ್ಬೇಕು ಅಂತ ಕೇಳ್ತಿದ್ಲು.”

ಹಿಂದೆ ಏನೋ ಸದ್ದು. ತಿರುಗಿದರೆ ಬಾಗಿಲಲ್ಲಿ ತಮ್ಮನ ಮಗಳು. ಕೈಯಲ್ಲಿ ಬ್ಯಾಗು, ಬಾಯಿ ಅರ್ಧ ತೆರೆದಿತ್ತು.

 ಸಿಸ್ಟರ್ ಮುಖ ಬಿಳಿಚಿತ್ತು. “ಅವರನ್ನ ನಾನು ಒಂದು ಸಲನೂ ಕೂತು ನೋಡಲಿಲ್ಲ” ಅಂದಳು, ಯಾರಿಗೂ ಅಲ್ಲ. ಡಾಕ್ಟರು ಮೊದಲು ನನ್ನ ಹಣೆ ಮುಟ್ಟಿ, “ಇವರಿಗೆ ಜ್ವರ ಇದೆಯಲ್ಲ” ಅಂದರು.

ಮಗ ಬಹಳ ಹೊತ್ತು ಆ ಚಪ್ಪಲಿಗಳನ್ನೇ ನೋಡಿದ. ಬೈಯಲಿ ಅಂತ ಕಾದೆ.

“ನಾನು ನಿಮ್ಮ ಹತ್ರ ಕ್ಷಮೆ ಕೇಳಿದ್ದೆ” ಅಂದ. ಅಷ್ಟೇ. ತಾಯಿಯ ಹತ್ತಿರ ಹೋದ.

ಏಪ್ರಿಲ್ 2, ಮಂಗಳವಾರ

ಸೋಂಕಿತ್ತಂತೆ, ಬಲವಾದದ್ದೇ. ನೀರು ಬಿಟ್ಟದ್ದಕ್ಕೆ ಬಂದದ್ದು. ಸೂಜಿ ಚುಚ್ಚುತ್ತಿದ್ದಾರೆ. ಉರಿ ಇಳಿದಿದೆ.

ಸ್ಟೇಷನ್ ಅಜ್ಜಿಯನ್ನು ವರಾಂಡದ ಆ ಕೊನೆಯ ರೂಮಿಗೆ ಬದಲಾಯಿಸಿದರು. ಹಿಂದಿನ ವಾರ್ಡಿಗಲ್ಲ. ಮಗನೇ ಕೇಳಿದ್ದಂತೆ, ನನ್ನ ಜೊತೆ ಇಡಬೇಡಿ ಅಂತ. ಸಿಸ್ಟರ್ ಅದನ್ನು ನನಗೆ ಹೇಳಲು ತಡವರಿಸಿದಳು. ನ್ಯಾಯವಾಗಿದೆ ಅಂದೆ.

ಮಂಚ ಖಾಲಿ. ಆ ಚಾದರಕ್ಕೆ ಸುಕ್ಕಿಲ್ಲ.

ಏಪ್ರಿಲ್ 5, ಶುಕ್ರವಾರ

ನನ್ನ ಯೋಜನೆಯನ್ನು ಹೊಸದಾಗಿ ಬರೆದರು. ಸಿಸ್ಟರ್ ಈಗ ಕೇಳುವ ಮುಂಚೆ ಬಾಗಿಲು ಹಾಕುತ್ತಾಳೆ. ಕೇಳಿದ ಮೇಲೆ ಕಾಯುತ್ತಾಳೆ. ಹೇಳುವಾಗ ಕಿವಿ ಬಿಸಿಯಾಯಿತು. ಒಂದೊಂದನ್ನೂ ಹೇಳಿದೆ. ಬಿಟ್ಟುಹೋದದ್ದು ನೆನಪಾಗಿ ಮತ್ತೆ ಕರೆದು ಹೇಳಿದೆ.

ನೀರು ಬೇಕಾದಷ್ಟು ಕುಡಿಯಬೇಕು. ಊಟವಾದ ಕೂಡಲೇ, ಮಲಗುವ ಮುಂಚೆಯೇ ಆಯಾ ಬಂದು ಕರೆದುಕೊಂಡು ಹೋಗಬೇಕು. ಪ್ಯಾಡು ಕೊಟ್ಟಿದ್ದಾರೆ. ಅದನ್ನು ಕಟ್ಟಿಕೊಳ್ಳುವಾಗ ಅವಳು ಕಿತ್ತೆಸೆದದ್ದು ನೆನಪಾಗುತ್ತದೆ, ಪ್ರತಿ ಸಲ. ಅವಳಿಗೆ ಬೇಕಾಗಿರಲಿಲ್ಲ, ಕಟ್ಟಿದರು. ನನಗೆ ಬೇಕಿತ್ತು, ನಾನು ನಾಚಿದೆ.

ಏಪ್ರಿಲ್ 11, ಗುರುವಾರ

ಸಿಸ್ಟರ್ ಜೊತೆ ಅವಳ ಮಗ ಬಂದ. ನಾನು ಎದ್ದು ನಿಲ್ಲಲು ನೋಡಿದೆ. ಅವನು ನೋಡಲಿಲ್ಲ, ಕಿಟಕಿಯ ಹತ್ತಿರ ನಿಂತ.

ಸಿಸ್ಟರ್ ಅಂದಳು, “ಮಾತ್ರೆ ನಿಲ್ಲಿಸಿದ್ದೀವಿ. ಎಚ್ಚರವಾಗಿದ್ದಾರೆ. ಆದ್ರೆ ಒಂದೊಂದು ಸಲ ಚಡಪಡಿಸ್ತಾರೆ, ಏನು ಅಂತ ಗೊತ್ತಾಗಲ್ಲ. ನೀವು ಜೊತೆಗಿದ್ರಿ. ಅದಕ್ಕೇ… ಇವರೇ ಕೇಳೋಣ ಅಂದ್ರು.”

ಅವನು ಕೇಳೋಣ ಅಂದನೇ!  ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಹೋಗಬೇಕಾದಾಗ ಸೆರಗಿನ ತುದಿ ಹುಡುಕುತ್ತಾಳೆ, ನೈಟಿ ಹಾಕಿದ್ದರೂ. ಸ್ನಾನಕ್ಕೆ ಮೊದಲು ಕಾಲಿಗೆ ನೀರು ಹಾಕಿದರೆ ಕಿರುಚುವುದಿಲ್ಲ, ತಲೆಗೆ ಹಾಕಿದರೆ ಕಿರುಚುತ್ತಾಳೆ. ನಡೆಯುವಾಗ ಯಾರೂ ಹಿಂದೆ ಬರಬಾರದು, ಪಕ್ಕದಲ್ಲಿ ಬರಬೇಕು. ಊಟದ ತಟ್ಟೆ ಎಡಕ್ಕಿಟ್ಟರೆ ಕಾಣುವುದಿಲ್ಲ, ಇಟ್ಟಿಲ್ಲವೆಂದುಕೊಂಡು ಅಳುತ್ತಾಳೆ.

“ಸಂಜೆ ಹೊತ್ತು ಬಾಗಿಲ ಹತ್ರ ಹೋಗಿ ನಿಲ್ತಾರೆ. ಯಾಕೆ?” ಅವನೇ ಕೇಳಿದ್ದು. ನನ್ನ ಮುಖ ನೋಡದೆ.

ಉತ್ತರ ಹೊಳೆಯಿತು. ಡ್ಯೂಟಿ ಮುಗಿಯಿತು, ಮನೆಗೆ ಹೊರಟಳು ಅನ್ನಬಹುದಿತ್ತು, ಚೆನ್ನಾಗಿರುತ್ತಿತ್ತು. ಆದರೆ ಅದು ನನ್ನ ಊಹೆ.

“ಗೊತ್ತಿಲ್ಲಪ್ಪ” ಅಂದೆ. “ನಾನು ಕೇಳಲೇ ಇಲ್ಲ ಅವಳನ್ನ.”

ಅವನು ತಲೆಯಾಡಿಸಿದ. ಬಾಗಿಲಿನವರೆಗೆ ಹೋಗಿ, “ಸಂಜೆ ನಾನೇ ಬಂದು ನಡೆಸ್ತೀನಿ. ಈ ಕಡೆ ಬರಲ್ಲ” ಅಂದ. ಮಾತಿನಲ್ಲಿ ಬಿಸಿಯಿರಲಿಲ್ಲ, ತಿಳಿಸಿದ, ಅಷ್ಟೇ.

ಸಂಜೆ ಬಾಗಿಲು ಸ್ವಲ್ಪ ತೆರೆದಿಟ್ಟುಕೊಂಡು ಕೂತೆ. ವರಾಂಡದ ಆ ತುದಿಯಲ್ಲಿ ಇಬ್ಬರೂ ಕಂಡರು. ಅವಳು ಕಂಬಿ ಹಿಡಿದು ನಡೆಯುತ್ತಾಳೆ ಈಗ. ಮೊದಲು ಹಿಡಿಯುತ್ತಿರಲಿಲ್ಲ. ಕಟ್ಟು ಹಾಕಿದ ಕೈ ಎದೆಗೆ ಒತ್ತಿಕೊಂಡಿದ್ದಳು. ಕರೆಯೋಣವೆನ್ನಿಸಿತು. ಬಾಗಿಲು ಹಾಕಿದೆ.

ಏಪ್ರಿಲ್ 21, ಭಾನುವಾರ

ತಮ್ಮನ ಮಗಳು ಅವತ್ತಿನಿಂದ ಬಂದಿರಲಿಲ್ಲ. ಇವತ್ತು ಬಂದಳು. ಕುರ್ಚಿಯ ತುದಿಯಲ್ಲಿ ಕೂತು, ಗೋಡೆಯ ಜೊತೆ ಮಾತಾಡಿದಳು. ಸೆಕೆ, ಟ್ರಾಫಿಕ್ಕು, ಆಫೀಸು. ಕೊನೆಗೆ, “ಅತ್ತೆ, ರೂಮಿನ ವಿಷಯ… ಅವರು ಸ್ವಲ್ಪ ಯೋಚನೆ ಮಾಡೋಣ ಅಂತಿದ್ದಾರೆ. ನಾವಿಬ್ರೂ ಮನೇಲಿರಲ್ವಲ್ಲ, ನಿಮ್ಮನ್ನ ನೋಡ್ಕೊಳ್ಳೋಕೆ…”

“ಗೊತ್ತು ಕಣೇ. ಬಿಡು” ಅಂದೆ.

“ನಂಗೇ ಮುಂಚೆ ಹೇಳಬಹುದಿತ್ತಲ್ಲ ಅತ್ತೆ.” ಅಳುತ್ತಿದ್ದಳು. “ನಾನೇನು ಬೇರೆಯವಳಾ?”

“ಹೇಳಬೇಕಿತ್ತು. ಹೇಳೋಕಾಗಲಿಲ್ಲ. ನಿನಗೆ ಹೇಳಿದ್ದಿದ್ರೆ ಆ ಅಜ್ಜಿ ಬೀಳ್ತಿರಲಿಲ್ಲ.” ಸಮಾಧಾನ ಮಾಡಲು ಹೊರಟವಳು ಇದನ್ನು ಅಂದೆ. 

ಅಷ್ಟರಲ್ಲಿ ನಾನು ಬಚ್ಚಲಿಗೆ ಹೋಗುವ ಹೊತ್ತಾಯಿತು. ಬೆಲ್ ಒತ್ತಿದೆ. ಭಾನುವಾರವಾದ್ದರಿಂದ ಆಯಾ ಒಬ್ಬಳೇ, ಎಲ್ಲಿದ್ದಳೋ. ತಮ್ಮನ ಮಗಳು ಬ್ಯಾಗು ಎತ್ತಿಕೊಂಡು, “ನಾನು ಹೊರಗಿರ್ತೀನಿ ಅತ್ತೆ” ಅಂತ ಎದ್ದಳು.

“ಹೊರಗೆ ಯಾಕೆ? ಇಲ್ಲಿ ಬಾ. ಎಡಗಡೆ ನಿಂತ್ಕೋ. ಹಾಗಲ್ಲ, ತೋಳು ಎಳೀಬೇಡ, ನಡು ಹಿಡ್ಕೋ. ಮೊಣಕಾಲು ಬಗ್ಗಿಸು, ಬೆನ್ನು ನೆಟ್ಟಗೆ. ಬ್ಯಾಂಕಲ್ಲಿ ಕೂತೂ ಕೂತೂ ಬೆನ್ನು ಬಿಲ್ಲಾಗಿದೆ ನಿಂದು.”

“ಹೀಗಾ ಅತ್ತೆ?”

“ಹ್ಞಾಂ, ಹೀಗೇ. ಎಡ ಮೊದಲು. ಅದು ಹಟಮಾರಿ, ಸ್ವಲ್ಪ ಕಾಯಬೇಕು.”

ಕಾದಳು. ಒಟ್ಟಿಗೆ ಹೋದೆವು. ದಾರಿಯಲ್ಲೇ ಸ್ವಲ್ಪ ಆಯಿತು, ಪ್ಯಾಡಿತ್ತು, ಆಯಿತು ಅಂತ ಹೇಳಿದೆ. ಅವಳು “ಸರಿ” ಅಂದಳು. ಕೂರಿಸಿ, ಬಾಗಿಲು ಅರ್ಧ ಮುಂದೆ ಮಾಡಿ, ಆ ಕಡೆ ಮುಖ ತಿರುಗಿಸಿ ನಿಂತಳು. ಅವಳ ಬೆನ್ನು ಕಾಣುತ್ತಿತ್ತು.

“ಆಯ್ತಾ ಅತ್ತೆ?”

“ಇಲ್ಲ. ಅವಸರ ಮಾಡ್ಬೇಡ” ಅಂದೆ.